‘ಏನು ಕೆಲಸ ಮಾಡ್ತೀರಾ ಅಕ್ಕ?’ ಅಂತ ಕೇಳಿ ತಪ್ಪು ಮಾಡಿದೆ

ಶಿಡ್ಲಘಟ್ಟದ ಕಡೆಯ ಒಂದು ಹಳ್ಳಿ. ಸರ್ಕಾರದ ಉದ್ಯೋಗ ಸಮೀಕ್ಷೆಗೆ ಟ್ಯಾಬ್ ಹಿಡಿದು ಹೊರಟ ಮೊದಲ ವಾರ. ಆ ಮನೆಯಲ್ಲಿ ರೇಷ್ಮೆ ಹುಳು ನಾಲ್ಕನೇ ಜ್ವರ, ಅಂದರೆ ನಾಲ್ಕನೇ ಸಲ ಪೊರೆ ಬಿಡುವ ನಿದ್ದೆ, ಮುಗಿಸಿ ಎದ್ದಿತ್ತು. ಆಗ ಹುಳುವಿಗೆ ಎಷ್ಟು ಸೊಪ್ಪು ಹಾಕಿದರೂ ಸಾಲದು, ಮನೆಮಂದಿಗೆ ಸರಿಯಾಗಿ ನಿದ್ದೆ ಇರಲ್ಲ. ಆ ಮನೆಯ ಅಕ್ಕ ಸೊಪ್ಪಿನ ಹೊರೆ ಇಳಿಸಿ, ಸೆರಗಲ್ಲಿ ಮುಖ ಒರೆಸಿಕೊಂಡು ಬಂದರು.

“ಏನು ಕೆಲಸ ಮಾಡ್ತೀರಾ ಅಕ್ಕ?”

“ಕೆಲಸ ಏನೂ ಇಲ್ಲಪ್ಪ, ಮನೇಲೇ ಇರ್ತೀನಿ.”

ನಾನು ಹಾಗೇ ‘ಮನೆಗೆಲಸ’ ಅಂತ ಗುರುತು ಹಾಕಿದೆ. ಸಂಜೆ ಸೂಪರ್‌ವೈಸರ್ ಅದನ್ನು ವಾಪಸ್ ಕಳಿಸಿದರು. “ಹುಳು ಮನೆ ಇದೆ ಅಂತ ನೀವೇ ಬರೆದಿದ್ದೀರಿ. ಸೊಪ್ಪು ಯಾರು ಹಾಕ್ತಾರೆ?”

ಮಾರನೇ ದಿನ ಮತ್ತೆ ಹೋದೆ. “ನಿನ್ನೆ ಬೆಳಿಗ್ಗೆ ಎದ್ದಾಗಿಂದ ಏನೇನು ಮಾಡಿದ್ರಿ?” ಅಂತ ಕೇಳಿದೆ. ಸೊಪ್ಪು ಕೊಯ್ಯೋದು, ಹಾಕೋದು, ಹಿಕ್ಕೆ ತೆಗೆಯೋದು, ಎಲ್ಲ ಸೇರಿ ಐದಾರು ಗಂಟೆ. ಅವರ ಕೈಗೆ ಅಂತ ಸಂಬಳ ಇಲ್ಲ. ಆದರೂ ನಮ್ಮ ಲೆಕ್ಕದಲ್ಲಿ ಅವರು ಕೆಲಸದಲ್ಲಿರುವವರು.

ಅವರ ಮಗ ಬಿ.ಇ. ಮುಗಿಸಿ ಕೆಲಸ ಹುಡುಕುತ್ತಿದ್ದ. “ನನ್ನನ್ನ ನಿರುದ್ಯೋಗಿ ಅಂತಾನೇ ಬರ್ಕೊಳ್ಳಿ ಸರ್” ಅಂದ. ಆದರೆ ಆ ವಾರ ಎರಡು ದಿನ ತೋಟದಿಂದ ಬೈಕಲ್ಲಿ ಸೊಪ್ಪು ತಂದು ಹಾಕಿದ್ದ. ಹಿಂದಿನ ಏಳು ದಿನದಲ್ಲಿ ಯಾವುದಾದರೂ ಒಂದು ದಿನ ಒಂದು ಗಂಟೆ ದುಡಿದಿದ್ದರೂ ವಾರದ ಲೆಕ್ಕದಲ್ಲಿ ಅವನು ಉದ್ಯೋಗಿ. ವರ್ಷದ ಲೆಕ್ಕದಲ್ಲೂ ಅಷ್ಟೇ: ವರ್ಷದ ಹೆಚ್ಚು ಭಾಗ ಕೆಲಸ ಹುಡುಕಿದ್ದರೂ, ನಡುವೆ 30 ದಿನ ದುಡಿದಿದ್ದರೆ ನಿರುದ್ಯೋಗಿ ಅಲ್ಲ. ಅವನಿಗೆ ಅದನ್ನು ಹೇಳುವಾಗ ನನಗೆ ನಿಜವಾಗಿಯೂ ಸಂಕಟವಾಯಿತು.

ಲೆಕ್ಕ ಸುಳ್ಳು ಅಂತ ನಾನು ಹೇಳ್ತಿಲ್ಲ. ಬೆವರು ಸುರಿಸುವ ಆ ಅಕ್ಕನನ್ನು ಲೆಕ್ಕದಿಂದ ಬಿಟ್ಟರೆ ಅದು ದೊಡ್ಡ ಅನ್ಯಾಯ. ಆದರೆ ‘ಉದ್ಯೋಗ’ ಅಂತ ಪೇಪರಲ್ಲಿ ಓದಿದಾಗ ನಮ್ಮ ಕಣ್ಣಿಗೆ ಬರೋದು ತಿಂಗಳ ಸಂಬಳ ಅಲ್ವಾ? ದೇಶದಲ್ಲಿ 15 ವರ್ಷ ಮೇಲ್ಪಟ್ಟ ಹೆಣ್ಣುಮಕ್ಕಳಲ್ಲಿ ದುಡಿಯುವ ಇಲ್ಲವೇ ಕೆಲಸ ಹುಡುಕುವವರ ಪಾಲು 2017-18ರಲ್ಲಿ ಶೇ. 23.3 ಇತ್ತು, 2023-24ಕ್ಕೆ ಶೇ. 41.7 ಆಯಿತು. ಇಷ್ಟನ್ನೇ ದಪ್ಪ ಅಕ್ಷರದಲ್ಲಿ ಹಾಕಿಬಿಡ್ತಾರೆ. ದುಡಿಯುವ ಹೆಣ್ಣುಮಕ್ಕಳಲ್ಲಿ ಮೂರರಲ್ಲಿ ಒಬ್ಬರಿಗಿಂತ ಜಾಸ್ತಿ ಜನ ಈ ಅಕ್ಕನ ಹಾಗೆ ಸಂಬಳವಿಲ್ಲದೆ ಮನೆಯ ಕಸುಬಿಗೆ ಕೈ ಜೋಡಿಸುವವರು ಅನ್ನೋದು ಸುದ್ದಿಯಲ್ಲಿ ಇರೋದೇ ಇಲ್ಲ.

2025ರ ಮೇ ತಿಂಗಳಲ್ಲಿ ಮೊದಲ ಸಲ ಈ ಸಮೀಕ್ಷೆಯ ತಿಂಗಳ ಅಂಕಿ ಬಂತು. ಏಪ್ರಿಲ್‌ನ ನಿರುದ್ಯೋಗ ಶೇ. 5.1. ಸ್ಥಳೀಯ ಪತ್ರಿಕೆಯೊಂದರಲ್ಲಿರುವ ಗೆಳೆಯ ರಾತ್ರಿ ಫೋನ್ ಮಾಡಿದ. “ಹೋದ ವರದಿಯಲ್ಲಿ 3.2 ಇತ್ತು, ಈಗ 5.1. ‘ನಿರುದ್ಯೋಗ ದಿಢೀರ್ ಏರಿಕೆ’ ಅಂತ ಹಾಕ್ತಿದೀನಿ, ಸರಿನಾ?”

ಬೇಡ ಮಾರಾಯ ಅಂದೆ. 3.2 ವರ್ಷದ ಲೆಕ್ಕ, 5.1 ವಾರದ್ದು. 2023-24ರದ್ದೇ ವಾರದ ಲೆಕ್ಕ ತೆಗೆದರೆ 4.9 ಬರುತ್ತೆ. ಅದರ ಮೇಲೆ 2025ರ ಜನವರಿಯಿಂದ ಮನೆಗಳನ್ನು ಆರಿಸುವ ಕ್ರಮವೇ ಬದಲಾಗಿದೆ, ಹಾಗಾಗಿ ಅದನ್ನೂ ಪಕ್ಕಪಕ್ಕ ಇಟ್ಟು ಏರಿತು, ಇಳಿಯಿತು ಅನ್ನೋ ಹಾಗಿಲ್ಲ.

ಪುಟ ಅಚ್ಚಿಗೆ ಹೋಗೋಕೆ ಅರ್ಧ ಗಂಟೆ ಇತ್ತು. ಬೆಳಿಗ್ಗೆ ನೋಡಿದರೆ ‘ದಿಢೀರ್ ಏರಿಕೆ’ ಹೋಗಿತ್ತು. ಶೇ. 5.1ರ ಹಿಂದೆ ‘ವಾರದ ಲೆಕ್ಕದ ಪ್ರಕಾರ’ ಅಂತ ಸೇರಿಸಿದ್ದ.