ಕುರಿ ಮೂಸದ ಹಸಿರು

ಸಂಡೂರನ್ನು ಸೆಪ್ಟೆಂಬರಿನಲ್ಲಿ ನೋಡಬೇಕು ಅಂತ ಗಾಂಧೀಜಿ ಹೇಳಿದ್ದರಂತೆ. 1934ರಲ್ಲಿ ಬಂದಾಗ ಆಡಿದ ಮಾತು ಅಂತ ಊರಲ್ಲಿ ಯಾರನ್ನು ಕೇಳಿದರೂ ಹೇಳುತ್ತಾರೆ. ನಾನೂ ಸೆಪ್ಟೆಂಬರ್ ಕೊನೆಗೇ ಹೋದೆ. ಆದರೆ ಬೆಟ್ಟ ತಾನಾಗಿ ಹೊದ್ದ ಹಸಿರಿಗಿಂತ, ಗಣಿ ಅಗೆದು ಸುರಿದ ಮಣ್ಣುಗುಡ್ಡೆಗಳಿಗೆ ಮನುಷ್ಯರು ಹೊದಿಸಿದ ಹಸಿರು ನೋಡುವ ಆಸೆ ನನಗೆ.

ತೋರಣಗಲ್ಲಿನಲ್ಲಿ ರೈಲಿಳಿದು, ಒಗ್ಗರಣೆ ಮಂಡಕ್ಕಿಗೆ ಎರಡು ಮಿರ್ಚಿ ನಂಚಿಕೊಂಡು ತಿಂದು, ಗೆಳೆಯನ ಬೈಕ್ ಹತ್ತಿದೆ. ಅವನು ಗಣಿಯೊಂದರಲ್ಲಿ ಸರ್ವೇಯರ್. ತಾರಾನಗರ ದಾಟಿದರೆ ನಾರಿಹಳ್ಳದ ಜಲಾಶಯ, ಪಕ್ಕದಲ್ಲೇ ಭೀಮಗಂಡಿ. ಹಳ್ಳವೊಂದು ಬೆಟ್ಟದ ಸಾಲನ್ನೇ ಸೀಳಿಕೊಂಡು ಹೊರಬಿದ್ದ ಜಾಗ ಅದು. ಹದಿನೈದು ವರ್ಷದ ಹಿಂದೆ ಇದೇ ಕಡೆ ಬಸ್ಸಿನಲ್ಲಿ ಬಂದಾಗ ಅದಿರಿನ ಲಾರಿಗಳ ಹಿಂದೆ ನಿಂತೂ ನಿಂತೂ ಬಿಳಿ ಅಂಗಿ ಇಟ್ಟಿಗೆ ಬಣ್ಣಕ್ಕೆ ತಿರುಗಿತ್ತು. ಎಷ್ಟು ಒಗೆದರೂ ಬಿಡಲಿಲ್ಲ. ಲಾರಿಗಳು ಈಗಲೂ ಇವೆ, ಸಾಲು ಅಷ್ಟು ಉದ್ದವಿಲ್ಲ.

ಸಾಲು ಮುರಿದದ್ದು 2011ರ ಜುಲೈನಲ್ಲಿ. ಅಕ್ರಮ ಗಣಿಗಾರಿಕೆಯ ಬಗ್ಗೆ ಲೋಕಾಯುಕ್ತ ಸಂತೋಷ್ ಹೆಗ್ಡೆಯವರ ವರದಿ ಹೊರಬಿದ್ದ ವಾರದಲ್ಲೇ ಸುಪ್ರೀಂ ಕೋರ್ಟ್ ಬಳ್ಳಾರಿಯ ಗಣಿಗಳನ್ನು ನಿಲ್ಲಿಸಿತು. ಗಣಿಗಳನ್ನು ಎ, ಬಿ, ಸಿ ಅಂತ ಮಾಡಿದ್ದ ವಿಂಗಡಣೆಯನ್ನು 2013ರ ಏಪ್ರಿಲ್ ತೀರ್ಪು ಒಪ್ಪಿತು. ಅತಿ ಹೆಚ್ಚು ಅತಿಕ್ರಮ ಮಾಡಿದ ಸಿ ವರ್ಗದ ಗುತ್ತಿಗೆಗಳು ರದ್ದಾದವು. ಉಳಿದವರು ಮತ್ತೆ ಅಗೆಯಬೇಕಾದರೆ ಕೆಡಿಸಿದ್ದನ್ನು ಸರಿಪಡಿಸುವ ಯೋಜನೆಗೆ ಒಪ್ಪಬೇಕಿತ್ತು. ಇಂಗ್ಲಿಷಿನ 'ರಿಕ್ಲಮೇಶನ್ ಅಂಡ್ ರಿಹ್ಯಾಬಿಲಿಟೇಶನ್'ನ ಎರಡು ಆರ್‌ಗಳಿಂದ ಗಣಿಯವರ ಬಾಯಲ್ಲಿ ಅದು 'ಆರ್ ಅಂಡ್ ಆರ್'.

ಆ ಆರ್ ಅಂಡ್ ಆರ್ ಹೇಗಿರುತ್ತದೆ ಅಂತ ಗೆಳೆಯ ಹಳೆಯ ಡಂಪೊಂದರ ಬುಡದಲ್ಲಿ ಬೈಕ್ ನಿಲ್ಲಿಸಿ ತೋರಿಸಿದ. ಡಂಪು ಎಂದರೆ ಅದಿರಿಗಾಗಿ ತೆಗೆದು ಸುರಿದ ಬೇಡದ ಕಲ್ಲುಮಣ್ಣು. ಟಿಪ್ಪರಿನಿಂದ ಸುಮ್ಮನೆ ಸುರಿದರೆ ಕಡಿದಾಗಿ ನಿಲ್ಲುತ್ತದೆ, ಒಂದು ದೊಡ್ಡ ಮಳೆಗೆ ಕೆಳಗಿನ ಹೊಲಕ್ಕೆ ಇಳಿಯುತ್ತದೆ. ಅದಕ್ಕೇ ಮೆಟ್ಟಿಲು ಮೆಟ್ಟಿಲಾಗಿ ಕಡಿದು ಇಳಿಜಾರನ್ನು ತಗ್ಗಿಸುತ್ತಾರೆ. ಬುಡಕ್ಕೆ ತಡೆಗೋಡೆ, ಸುತ್ತ ಕಾಲುವೆ, ಕೆಸರು ಕೂರಲು ಹೊಂಡ, ಹಳ್ಳಕ್ಕೆ ಚೆಕ್ ಡ್ಯಾಮ್. ಮೈಮೇಲೆ ತೆಂಗಿನ ನಾರಿನ ಚಾಪೆ ಹಾಸಿ ಬೀಜ ಎರಚುತ್ತಾರೆ. ನಾರು ಕೊಳೆಯುವಷ್ಟರಲ್ಲಿ ಬೇರು ಹಿಡಿದಿರಬೇಕು ಅನ್ನುವುದು ಲೆಕ್ಕ.

"ಎಲ್ಲಾ ಸರಿ, ಮೇಲ್ಮಣ್ಣು ಎಲ್ಲಿಂದ ತರೋದು?" ಅಂದ ಗೆಳೆಯ. ಬೆಟ್ಟದ ಮೇಲೆ ಇದ್ದದ್ದೇ ಗೇಣು ಮಣ್ಣು. ಅದನ್ನು ಮೊದಲೇ ಬೇರೆ ತೆಗೆದು, ಎತ್ತರಕ್ಕೆ ಒಟ್ಟದೆ, ಬೇಗ ಮರಳಿ ಹಾಸಬೇಕು. ತಡವಾದರೆ ಅದರೊಳಗಿನ ಬೀಜವೂ ಜೀವವೂ ಸಾಯುತ್ತವೆ. ಅವಸರದ ದಿನಗಳಲ್ಲಿ ಬಹಳ ಕಡೆ ಅದು ಡಂಪಿನ ಅಡಿಗೇ ಹೋಯಿತಂತೆ.

ಎದುರಿಗಿದ್ದ ಡಂಪು ಮಾತ್ರ ದೂರಕ್ಕೆ ಕಣ್ಣು ತುಂಬುವ ಹಾಗೆ ಹಸಿರಾಗಿತ್ತು. ಸಾಲು ಹಿಡಿದ ಅಕೇಶಿಯಾ, ನಡುವೆ ಗ್ಲಿರಿಸಿಡಿಯಾ, ಯಾರೂ ನೆಡದೆ ಬಂದ ಬಳ್ಳಾರಿ ಜಾಲಿ. (ಅಮೆರಿಕ ಖಂಡದಿಂದ ಬಂದ ಗಿಡಕ್ಕೆ ನಮ್ಮ ಜಿಲ್ಲೆಯ ಹೆಸರು! ಅಪವಾದ ಹೊರಲು ಬಳ್ಳಾರಿಗೆ ಅದಿರೊಂದೇ ಸಾಲದಾಗಿತ್ತು.) ನಾನು ಮೊಬೈಲ್ ತೆಗೆದು ಫೋಟೋ ಹೊಡೆಯುತ್ತಿದ್ದಾಗ ಹಿಂದಿನಿಂದ ಯಾರೋ ನಕ್ಕರು. ಹೆಗಲ ಮೇಲೆ ಕಂಬಳಿ, ಹಿಂದೆ ಅರವತ್ತು ಎಪ್ಪತ್ತು ಕುರಿ.

"ಏನ್ ಫೋಟೋ ತೆಗೀತೀ ತಮ್ಮಾ. ಅಲ್ಲಿ ಹಸ್ರು ಐತಿ, ಮೇವಿಲ್ಲ."

ನಿಜವೋ ಅಂತ ಬೇಲಿಯ ಕಿಂಡಿಯಿಂದ ಬಗ್ಗಿ ನೋಡಿದೆ. ಅಕೇಶಿಯಾದ ಒಣ ಎಲೆ ಚಾಪೆಯಂತೆ ಬಿದ್ದಿತ್ತು, ಅದರಡಿ ಹುಲ್ಲಿನ ಒಂದು ಎಸಳಿಲ್ಲ. ಅಜ್ಜ ತನ್ನ ಲೆಕ್ಕ ಹೇಳಿದ: ಅಕೇಶಿಯಾ ಕುರಿ ಮೂಸುವುದಿಲ್ಲ. ಜಾಲಿಯ ಕಾಯಿ ತಿನ್ನುತ್ತದೆ, ಸೊಪ್ಪು ಬಿಡುತ್ತದೆ. "ಮೊದ್ಲು ಆ ಗುಡ್ಡದ ನೆತ್ತಿ ಮ್ಯಾಗೆಲ್ಲ ಹುಲ್ಲೇ ಇತ್ತು. ಮಳಿಗಾಲ ನಾಕ್ ತಿಂಗ್ಳು ಕೆಳಗ ಇಳೀತಿರ್ಲಿಲ್ಲ ನಾವು."

"ಈಗ ಹುಲ್ಲು ಹಾಕಿದ್ರೆ ಬಿಡ್ತಾರಾ ಅಜ್ಜಾ ಒಳಗೆ?"

"ಹಾಕಿದ್ ವರ್ಷನಾ ಬಿಟ್ರ ಬುಡ ಸಮೇತ ಕಿತ್ಕಂಡ್ ಬರ್ತಾವ ಇವು. ಮೂರ್ ಮಳಿ ಹೋಗ್ಲಿ. ಆಮ್ಯಾಲೂ ಬಿಡ್ಲಿಲ್ಲ ಅಂದ್ರ ಅದು ಯಾರಿಗೆ?"

2020ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದೂ ಹೆಚ್ಚುಕಡಿಮೆ ಇದನ್ನೇ. ಗಣಿ ಮುಗಿದ ಮೇಲೆ ಗುತ್ತಿಗೆದಾರ ಆ ನೆಲದಲ್ಲಿ ಮತ್ತೆ ಹುಲ್ಲು ಬೆಳೆಸಬೇಕು, ಮೇವು, ಗಿಡ, ಪ್ರಾಣಿಗಳಿಗೆ ತಕ್ಕ ನೆಲವಾಗಿ ಮಾಡಬೇಕು ಅನ್ನುವ ಷರತ್ತು ಗುತ್ತಿಗೆಯಲ್ಲೇ ಇರಲಿ ಎಂಬ ಆದೇಶ. ಖರ್ಚು ಗುತ್ತಿಗೆದಾರನದೇ. ಅಜ್ಜನಿಗೆ ಹೇಳಿದೆ. "ಹುಲ್ಲು ಅಂತನಾ ಬರದಾರಾ?" ಅಂತ ಎರಡು ಸಲ ಕೇಳಿದ. ಮರ ಎಣಿಸಿ ಬಿಲ್ಲು ಮಾಡುವುದು ಸುಲಭ, ಹುಲ್ಲು ಎಣಿಸುವುದು ಹೇಗೆ ಅಂತ ಗೆಳೆಯ ಗೊಣಗಿದ.

ಬೇಲಿಗುಂಟ ಮುಂದೆ ನಡೆದಾಗ ಡಂಪಿನ ಒಂದು ಮೂಲೆಯಲ್ಲಿ ಗಿಡ ಹಿಡಿಯದೆ ಬಯಲು ಬಿಟ್ಟ ಜಾಗ ಕಂಡಿತು. ಸರ್ಕಾರಿ ಕಡತದಲ್ಲಿ ಅದು ಸೋತ ಜಾಗವೇ ಇರಬೇಕು. ಅಲ್ಲಿ ತಾನಾಗಿ ಹುಲ್ಲು ಬಂದಿತ್ತು, ನಡುವೆ ಬಂದರಿಕೆ ಗಿಡ, ಮೊಣಕಾಲೆತ್ತರದ ಒಂದು ಹುತ್ತ. ಅಜ್ಜ ಕೋಲಿನಿಂದ ಹುತ್ತ ತೋರಿಸಿ, "ಇಲ್ಲಿ ಮಣ್ಣಾಗೈತಿ ನೋಡು" ಅಂದ.

ಸಂಜೆ ದರೋಜಿ ಕರಡಿಧಾಮದ ವೀಕ್ಷಣಾ ಗೋಪುರದಲ್ಲಿ ಕೂತಾಗ ಆ ಹುತ್ತ ನೆನಪಾಯಿತು. 1994ರಲ್ಲಿ ಕರಡಿಗಳಿಗೆಂದೇ ಘೋಷಿಸಿದ ಕುರುಚಲು ಕಾಡು ಇದು. ಕರಡಿಗೆ ದಟ್ಟ ಮರ ಬೇಕಿಲ್ಲ. ಬಂಡೆಯ ಸಂದು, ಬಾರೆ, ಕವಳೆಯಂಥ ಹಣ್ಣು, ಬಗೆಯಲು ಗೆದ್ದಲಿನ ಹುತ್ತ ಸಾಕು. ಬಂಡೆಗಳ ನಡುವಿನಿಂದ ಒಂದು ತಾಯಿ, ಬೆನ್ನ ಮೇಲೆ ಮರಿ ಹೊತ್ತು ಇಳಿದು ಬಂತು. ಪಕ್ಕದ ಮಗು ಕಿರುಚಿದ್ದಕ್ಕೆ ಒಂದು ಸಲ ತಲೆಯೆತ್ತಿ ನೋಡಿ, ಮತ್ತೆ ನೆಲ ಮೂಸತೊಡಗಿತು.

ರಾತ್ರಿ ತೋರಣಗಲ್ಲಿನ ಪ್ಲಾಟ್‌ಫಾರಂನಲ್ಲಿ ಕಾಲುಚೀಲಕ್ಕೆ ಚುಚ್ಚಿಕೊಂಡಿದ್ದ ಹುಲ್ಲಿನ ಬೀಜ ಒಂದೊಂದಾಗಿ ಕೀಳುತ್ತ ಕೂತೆ. ಬೆಟ್ಟದ್ದೋ, ಆ ಡಂಪಿನ ಮೂಲೆಯದೋ, ಕರಡಿಧಾಮದ್ದೋ ತಿಳಿಯಲಿಲ್ಲ. ಕುರಿಗಳ ಉಣ್ಣೆಯಲ್ಲೂ ಇವೇ ತುಂಬಿದ್ದವು. ಅಜ್ಜನ ಹಿಂಡು ಆ ಹೊತ್ತಿಗೆ ಬೇಲಿಗುಂಟ ನಡೆದು ರೊಪ್ಪ ಸೇರಿರಬೇಕು.