ಆಷಾಢದ ತೇವ, ಪ್ರಯೋಗಾಲಯದ ಮೈಕ್ರೋವೇವ್

ಮಂಡ್ಯ, 18 ಜುಲೈ 2024, ಗುರುವಾರ

ಕೊಡಗಿನಲ್ಲಿ ಮಳೆ ಹಿಡಿದಿದೆ, ಕನ್ನಂಬಾಡಿಗೆ ನೀರು ಬರುತ್ತಿದೆ. ಕಳೆದ ವರ್ಷದ ಬರ ಕಂಡ ನಮ್ಮ ಜಿಲ್ಲೆಗೆ ಇದಕ್ಕಿಂತ ಒಳ್ಳೆಯ ಸುದ್ದಿ ಬೇಕಿಲ್ಲ. ಇತ್ತ ಕಾಲೇಜಿನ ರಸಾಯನಶಾಸ್ತ್ರ ಪ್ರಯೋಗಾಲಯದಲ್ಲಿ ಮಾತ್ರ ಈ ಹವೆಗೆ ಎಲ್ಲವೂ ತೇವ ಹಿಡಿದಿದೆ. ಉಪ್ಪುಗಳು ಬಾಟಲಿಯಲ್ಲೇ ಗಟ್ಟಿ ಕಟ್ಟಿವೆ. ವಸ್ತುಗಳನ್ನು ತೇವ ತಾಗದಂತೆ ಇಡುವ ಗಾಜಿನ ಪಾತ್ರೆಗಳಾದ ಡೆಸಿಕೇಟರುಗಳ ತಳದಲ್ಲಿ ನೀಲಿಯಾಗಿರಬೇಕಾದ ಸಿಲಿಕಾ ಜೆಲ್ ಪೂರ್ತಿ ಗುಲಾಬಿಗೆ ತಿರುಗಿದೆ. ಗುಲಾಬಿ ಎಂದರೆ ಅದರ ಹೊಟ್ಟೆ ತುಂಬಿದೆ, ಇನ್ನು ತೇವ ಹೀರುವುದಿಲ್ಲ ಎಂದರ್ಥ.

ಹಾಟ್ ಏರ್ ಓವನ್‌ನಲ್ಲಿ 110 ಡಿಗ್ರಿಗೆ ಇಟ್ಟು ಅದನ್ನು ಒಣಗಿಸಿ ಮತ್ತೆ ನೀಲಿಗೆ ತರಬೇಕೆಂದರೆ ಗಂಟೆಗಟ್ಟಲೆ ಕಾಯಬೇಕು. ಅದೂ ಇಂದು ಅಂತಿಮ ವರ್ಷದವರ ಪುಟ್ಟ ಮೂಸೆ, ಅಂದರೆ ಕ್ರೂಸಿಬಲ್‌ಗಳಿಂದ ತುಂಬಿತ್ತು. ಹಾಗಾಗಿ ಮೂಲೆಯಲ್ಲಿರುವ 700 ವ್ಯಾಟ್‌ನ ಮೈಕ್ರೋವೇವ್ ಒಲೆಯನ್ನೇ ಬಳಸಿದೆವು. ಅದು ರಾಸಾಯನಿಕಗಳಿಗೆಂದೇ ಮೀಸಲಾದ ಒಲೆ. ಅದರಲ್ಲಿ ಯಾರೂ ಊಟ ಬಿಸಿ ಮಾಡುವಂತಿಲ್ಲ. ಜೆಲ್‌ಗೆ ನೀಲಿ ಬಣ್ಣ ಕೊಡುವ ಕೋಬಾಲ್ಟ್ ಕ್ಲೋರೈಡಿನ ದೂಳು ಉಸಿರಿಗೆ ಹೋಗಬಾರದಾದ್ದರಿಂದ ಕೈಗವಸು, ಮುಖಗವಸು ಹಾಕಿಕೊಂಡೇ ಸುರಿದೆವು.

ಅಗಲವಾದ ಬೋರೋಸಿಲಿಕೇಟ್ ಗಾಜಿನ ಬಟ್ಟಲಿನಲ್ಲಿ ತೆಳುವಾಗಿ ಹರಡಿದ ಜೆಲ್ 218 ಗ್ರಾಂ ತೂಗಿತು. ಒಲೆಯನ್ನು ಮಧ್ಯಮಕ್ಕೆ ಇಟ್ಟು ಎರಡೆರಡು ನಿಮಿಷ ಓಡಿಸುವುದು, ಹೊರತೆಗೆದು ಗಾಜಿನ ಕಡ್ಡಿಯಿಂದ ಕೆದಕುವುದು, ಮತ್ತೆ ಇಡುವುದು. ಮೊದಲ ಸುತ್ತಿಗೇ ಒಲೆಯ ಬಾಗಿಲಿನ ಒಳಮೈಯೆಲ್ಲ ಬೆವರಿತು. ಆಮೇಲೆ ನೀಲಿ ಬಂತು, ಆದರೆ ಒಂದೇ ಸಮನಾಗಿ ಅಲ್ಲ: ಒಂದು ಕಡೆ ಅಂಗೈಯಗಲ ನೀಲಿ, ಪಕ್ಕದಲ್ಲೇ ಇನ್ನೂ ಗುಲಾಬಿ, ನಡುವೆ ನೇರಳೆಯ ಅಂಚು. ಒಲೆಯೊಳಗಿನ ಅಲೆಗಳು ಗೋಡೆಗಳಿಂದ ಪುಟಿದು ಒಂದರ ಮೇಲೊಂದು ಬೀಳುವುದರಿಂದ ಕೆಲವು ಜಾಗ ಹೆಚ್ಚು ಕಾಯುತ್ತವೆ, ಕೆಲವು ಕಾಯುವುದೇ ಇಲ್ಲ. ತಟ್ಟೆ ತಿರುಗುವುದು ಅದಕ್ಕೇ. ತಿರುಗಿದರೂ ಸಾಲದು, ಕೈಯಾಡಿಸಬೇಕು. ತೂಕ 176 ಗ್ರಾಂಗೆ ಬಂದು ನಿಂತಿತು.

ಪಕ್ಕದಲ್ಲಿದ್ದ ಎರಡನೇ ವರ್ಷದ ಹುಡುಗಿಗೆ ಲೆಕ್ಕ ಹಾಕಲು ಹೇಳಿದೆ. ಹೋದ ನೀರು 42 ಗ್ರಾಂ. ಒಂದು ಗ್ರಾಂ ನೀರು ಆವಿಯಾಗಲು ಸುಮಾರು 2.26 ಕಿಲೋಜೂಲ್ ಬೇಕು, ಒಟ್ಟು 95. ಒಲೆ ಪೂರ್ಣ ಶಕ್ತಿಯಲ್ಲಿ ಓಡಿ, ಅದಷ್ಟೂ ನೀರಿಗೇ ಸೇರಿದ್ದರೆ ಎರಡೂಕಾಲು ನಿಮಿಷ ಸಾಕಿತ್ತು. "ಹಾಗಾದರೆ ನಮಗೇಕೆ ಇಷ್ಟು ಹೊತ್ತು ಹಿಡಿಯಿತು ಮೇಡಂ?" ಎಂದು ಕೇಳಿದಳು. ಇಂಥ ಪ್ರಶ್ನೆ ಬಂದರೆ ನನಗೆ ಹಬ್ಬ. ಗಾಜು, ಜೆಲ್ ಕೂಡ ಕಾಯಬೇಕು; ಮಧ್ಯಮದಲ್ಲಿ ಅಲೆ ಹುಟ್ಟಿಸುವ ಭಾಗವಾದ ಮ್ಯಾಗ್ನೆಟ್ರಾನ್ ಆಗಾಗ ಆರಿ ಹೊತ್ತಿಕೊಳ್ಳುತ್ತದೆ; ಎಲ್ಲಕ್ಕಿಂತ ಮುಖ್ಯವಾಗಿ, ನೀರು ಕಡಿಮೆಯಾದಂತೆ ಅಲೆಯನ್ನು ಹೀರುವವರೂ ಕಡಿಮೆಯಾಗುತ್ತಾರೆ. ಬಿಸಿಲಿಗಿಟ್ಟ ಹಪ್ಪಳದಂತೆ ಇಲ್ಲಿ ಶಾಖ ಹೊರಗಿನಿಂದ ಒಳಕ್ಕೆ ಇಳಿಯುವುದಿಲ್ಲ. ಸೆಕೆಂಡಿಗೆ 245 ಕೋಟಿ ಬಾರಿ ಆಂದೋಲಿಸುವ ವಿದ್ಯುತ್ ಕ್ಷೇತ್ರದ ಹಿಂದೆ ನೀರಿನ ಅಣುಗಳು ಓಡಲು ಹೆಣಗಿ, ಇದ್ದಲ್ಲೇ ಬಿಸಿಯಾಗುತ್ತವೆ. ಆದ್ದರಿಂದ ಒದ್ದೆಯಿದ್ದ ಕಡೆ ಬಿಸಿ ಹೆಚ್ಚು. ಕೊನೆಯ ಸುತ್ತುಗಳಲ್ಲಿ ಜೊತೆಗೊಂದು ಲೋಟ ನೀರನ್ನೂ ಇಟ್ಟಿದ್ದೆ. ಹೀರಲು ಏನೂ ಇಲ್ಲದಿದ್ದರೆ ಅಲೆಗಳು ಮ್ಯಾಗ್ನೆಟ್ರಾನಿಗೇ ಮರಳಿ ಅದನ್ನು ಕೆಡಿಸುತ್ತವೆ.

ಇಷ್ಟು ನೋಡಿದ ಮೇಲೆ ಅವಳಿಗೆ ಆಸೆ ಹುಟ್ಟಿತು. "ನಮ್ಮ ಬ್ಯಾಚಿನ ಮೋರ್ ಲವಣವನ್ನೂ ಇದರಲ್ಲೇ ಒಣಗಿಸೋಣವೇ?" ಮೋರ್ ಲವಣ ಎಂದರೆ ಫೆರಸ್ ಅಮೋನಿಯಂ ಸಲ್ಫೇಟ್, ಕಬ್ಬಿಣದ ಒಂದು ಉಪ್ಪು.

ಬೇಡಮ್ಮ ಎಂದೆ. ಎರಡು ಕಾರಣ. ಆ ತಿಳಿಹಸಿರು ಹರಳಿನ ಮೈಮೇಲಿನ ನೀರು ಬೇರೆ, ಒಳಗೆ ಜೋಡಣೆಯ ಭಾಗವಾಗಿಯೇ ಕುಳಿತ ಆರು ಅಣು ನೀರು ಬೇರೆ. ಮೊದಲನೆಯದು ಹೋಗಬೇಕು, ಎರಡನೆಯದು ಉಳಿಯಬೇಕು. ಹೆಚ್ಚು ಬಿಸಿಯಾದರೆ ಒಳಗಿನದೂ ಹೊರಡುತ್ತದೆ, ಫೆರಸ್ ರೂಪದ ಕಬ್ಬಿಣ ಉತ್ಕರ್ಷಿಸಿ ಫೆರಿಕ್ ರೂಪಕ್ಕೆ ತಿರುಗತೊಡಗುತ್ತದೆ. ಆಮೇಲೆ 392 ಎಂಬ ಅಣುತೂಕ ನಂಬಿ ಮಾಡಿದ ಟೈಟ್ರೇಷನ್ (ದ್ರಾವಣ ಹನಿಸಿ ಪ್ರಮಾಣ ಅಳೆಯುವ ಪ್ರಯೋಗ) ಎಲ್ಲ ದಾರಿ ತಪ್ಪುತ್ತದೆ. ಎರಡನೆಯದು ಇನ್ನೂ ಗಂಭೀರ: ಅವರು ಹರಳನ್ನು ಆಲ್ಕೋಹಾಲಿನಿಂದ ತೊಳೆದಿದ್ದರು. ಮುಚ್ಚಿದ ಒಲೆಯಲ್ಲಿ ಆ ಆವಿ ತುಂಬಿ ಒಂದು ಕಿಡಿ ಹಾರಿದರೆ ಬಾಗಿಲೇ ಕಿತ್ತು ಬರುತ್ತದೆ. ಎಥೆನಾಲ್, ಅಸಿಟೋನ್, ಈಥರ್ ಸೋಕಿದ ಯಾವ ಪುಡಿಯೂ ಅದರ ಹತ್ತಿರ ಸುಳಿಯಬಾರದು ಎಂದು ಖಡಾಖಂಡಿತವಾಗಿ ಹೇಳಿದೆ. ಫಿಲ್ಟರ್ ಕಾಗದದ ಮಡಿಕೆಯಲ್ಲಿ ಒತ್ತಿ, ಗಾಳಿಗೆ ಹರಡುವ ಹಳೆಯ ದಾರಿಯೇ ಮೋರ್ ಲವಣಕ್ಕೆ ಸರಿ. ಮ್ಯಾಂಗನೀಸ್ ಡೈಆಕ್ಸೈಡ್, ಇದ್ದಿಲ ಪುಡಿ ಇವುಗಳ ಕಥೆ ಇನ್ನೊಂದು: ಅವು ಅಲೆಯನ್ನು ತಾವೇ ಹೀರುವುದರಿಂದ ತೇವ ಮುಗಿದರೂ ಕಾಯುತ್ತಲೇ ಹೋಗುತ್ತವೆ.

ಬಿಸಿ ಜೆಲ್ಲನ್ನು ಡೆಸಿಕೇಟರಿಗೆ ಸುರಿದು, ಮುಚ್ಚಳವನ್ನು ಸ್ವಲ್ಪ ಸರಿಸಿಟ್ಟೆವು. ಕೂಡಲೇ ಪೂರ್ತಿ ಮುಚ್ಚಿದರೆ ಒಳಗಿನ ಗಾಳಿ ತಣಿದು ಕುಗ್ಗಿ, ಮುಚ್ಚಳ ಜಪ್ಪಯ್ಯ ಎಂದರೂ ಏಳುವುದಿಲ್ಲ.

ಹುಡುಗಿಯ ತಂದೆ ಕಬ್ಬು ಬೆಳೆಗಾರರು. ಗಾಣದಿಂದ ಬರುವ ಕಬ್ಬಿನ ಸಿಪ್ಪೆಯ ತೂಕದಲ್ಲಿ ಹೆಚ್ಚುಕಡಿಮೆ ಅರ್ಧ ನೀರೇ ಇರುತ್ತದೆ ಎಂದಾಗ ಅವಳು ನಂಬಲಿಲ್ಲ. ನಾಳೆ ಆಲೆಮನೆಯಿಂದ ಒಂದು ಚೀಲ ತರುತ್ತಾಳಂತೆ. ಅರ್ಧವನ್ನು ಹಾಟ್ ಏರ್ ಓವನ್‌ನಲ್ಲಿ, ಇನ್ನರ್ಧವನ್ನು ಮೈಕ್ರೋವೇವ್‌ನಲ್ಲಿ ಒಣಗಿಸಿ ಎರಡರ ಅಂಕಿ ತಾಳೆ ನೋಡುತ್ತೇವೆ. ನಾರು ಒಣಗಿದ ಮೇಲೆ ಅಲ್ಲಲ್ಲಿ ಕರಕಲಾಗಬಹುದು, ಆದ್ದರಿಂದ ಒಂದೊಂದೇ ನಿಮಿಷ ಓಡಿಸಿ ಪ್ರತಿ ಸಲವೂ ತೂಗಬೇಕು.