‘ಅಪ್ಪ ಹೇಳಿದಂಗೆ’ ಅಂದರೆ ಒಪ್ಪಿಗೆ ಅಲ್ಲ

3 ಏಪ್ರಿಲ್ 2024, ಬುಧವಾರ
ಬಳ್ಳಾರಿ

ಈಸ್ಟರ್ ಮುಗಿದು ಇವತ್ತಿಗೆ ಮೂರು ದಿನ. ಈಸ್ಟರಿಗೆ ಮುಂಚಿನ ಉಪವಾಸದ ದಿನಗಳಾದ ತಪಸ್ಸುಕಾಲದಲ್ಲಿ ನಿಂತಿದ್ದ ಲಗ್ನದ ಮಾತುಕತೆ ಮತ್ತೆ ಶುರುವಾಗಿದೆ. ಮೇ ತಿಂಗಳಿಗೆ ಮಂಟಪ ಹಿಡಿಯುವುದು, ಅಡುಗೆಯವರಿಗೆ ಅಡ್ವಾನ್ಸ್ ಕೊಡುವುದು, ಬಿಸಿಲಿನಲ್ಲಿ ಕಾರ್ಡು ಹಂಚುವುದು ಎಲ್ಲ ನಡೆದಿರುತ್ತದೆ. ಈ ಗಡಿಬಿಡಿಯಲ್ಲಿ ಕೊನೆಗೆ ಉಳಿಯುವ ಪ್ರಶ್ನೆಯೊಂದಿದೆ: ಹುಡುಗಿಗೆ ಮನಸ್ಸಿದೆಯೇ? ಹುಡುಗನಿಗೆ ಮನಸ್ಸಿದೆಯೇ?

ಚರ್ಚಿಗೆ ಬರುವ ಫೈಲಿನಲ್ಲಿ ಕಾಗದಗಳೇನೋ ಸರಿಯಾಗಿರುತ್ತವೆ. ಇಬ್ಬರ ದೀಕ್ಷಾಸ್ನಾನದ (ಬ್ಯಾಪ್ಟಿಸಂ) ಸರ್ಟಿಫಿಕೇಟ್ ಹೊಸದಾಗಿ, ಆರು ತಿಂಗಳೊಳಗೆ ತೆಗೆಸಿದ್ದಾಗಿರಬೇಕು. ಕಥೋಲಿಕರಲ್ಲಿ ಮದುವೆಯಾದವರ ವಿವರವನ್ನು ದೀಕ್ಷಾಸ್ನಾನದ ರಿಜಿಸ್ಟರಿನಲ್ಲೂ ಬರೆದಿಡುವುದರಿಂದ, ಹಿಂದೊಂದು ಮದುವೆ ಆಗಿದ್ದರೆ ಹೊಸ ಪ್ರತಿಯಲ್ಲಿ ತಿಳಿದುಬಿಡುತ್ತದೆ. ವಯಸ್ಸಿನ ದಾಖಲೆ, ಆಕ್ಷೇಪವಿದ್ದವರು ತಿಳಿಸಲೆಂದು ಪೂಜೆಯಲ್ಲಿ ಇಬ್ಬರ ಹೆಸರು ಕೂಗಿಸಿದ್ದರ ಚೀಟಿ, ಅದೂ ಇರುತ್ತದೆ. ಎಚ್ಚರದಿಂದ ನೋಡಬೇಕಾದದ್ದು ಮದುವೆಗೆ ಮುಂಚೆ ಇಬ್ಬರೂ ಉತ್ತರಿಸಬೇಕಾದ ಪ್ರಶ್ನಾವಳಿಯನ್ನು. ‘ಸ್ವಂತ ಇಚ್ಛೆಯಿಂದ ಈ ಮದುವೆಗೆ ಒಪ್ಪಿದ್ದೀರಾ?’ ಎಂಬ ಸಾಲಿನ ಮುಂದೆ ಇಬ್ಬರ ಹಾಳೆಯಲ್ಲೂ ಒಂದೇ ನೀಲಿ ಪೆನ್ನು, ಒಂದೇ ಕೈಬರಹದ ‘ಹೌದು’ ಕಂಡರೆ, ಅದನ್ನು ಮನೆಯಲ್ಲಿ ಅಣ್ಣನೋ ಚಿಕ್ಕಪ್ಪನೋ ತುಂಬಿ ತಂದಿದ್ದಾನೆ ಎಂದೇ ತಿಳಿಯಬೇಕು. ಆ ಹಾಳೆಯನ್ನು ಪಕ್ಕಕ್ಕಿಟ್ಟು ಮೊದಲಿನಿಂದ ಕೇಳಬೇಕು.

ನಮ್ಮ ಕಡೆ ತಾಳಿ ಬಿದ್ದರೆ ಮದುವೆ ಆದಂತೆ. ಕ್ರೈಸ್ತರ ಮನೆಗಳಲ್ಲೂ ಫೋಟೋದವರು ಕಾಯುವುದು ಆ ಗಳಿಗೆಗೇ. ಆದರೆ ಕಥೋಲಿಕ ಪೂಜಾವಿಧಿಯಲ್ಲಿ ತಾಳಿ, ಉಂಗುರಗಳ ಸರದಿ ಬರುವಷ್ಟರಲ್ಲಿ ಮದುವೆ ಆಗಿಹೋಗಿರುತ್ತದೆ. ಮೊದಲು ಗುರುಗಳು (ಪಾದ್ರಿ) ಕೇಳುವುದು ಒತ್ತಾಯವಿಲ್ಲದೆ, ಪೂರ್ಣ ಮನಸ್ಸಿನಿಂದ ಬಂದಿದ್ದೀರಾ ಎಂದು. ಆಮೇಲೆ ಜೀವನವಿಡೀ ಒಬ್ಬರಿಗೊಬ್ಬರು ನಿಷ್ಠರಾಗಿರುವ ಬಗ್ಗೆ, ಮಕ್ಕಳನ್ನು ದೇವರ ವರವೆಂದು ಸ್ವೀಕರಿಸುವ ಬಗ್ಗೆ. ಬಳಿಕ ಇಬ್ಬರೂ ಬಲಗೈ ಹಿಡಿದು, ಒಬ್ಬರನ್ನೊಬ್ಬರು ಸ್ವೀಕರಿಸುವ ಮಾತು ಆಡುತ್ತಾರೆ. ಆ ಮಾತೇ ಮದುವೆ. ಗುರುಗಳು ಧರ್ಮಸಭೆಯ, ಅಂದರೆ ಚರ್ಚಿನ, ಪರವಾಗಿ ಆ ಮಾತನ್ನು ಕೇಳಿ ಸ್ವೀಕರಿಸುತ್ತಾರೆ, ಜೊತೆಗೆ ಇಬ್ಬರು ಸಾಕ್ಷಿಗಳಿರುತ್ತಾರೆ. ಮದುವೆಯೆಂಬ ಪವಿತ್ರ ಸಂಸ್ಕಾರವನ್ನು (ಸ್ಯಾಕ್ರಮೆಂಟ್) ಒಬ್ಬರಿಗೊಬ್ಬರು ಕೊಡುವವರು ವಧು-ವರರೇ. 1983ರ ಧರ್ಮಸಭಾ ಕಾನೂನು ಸಂಹಿತೆಯ 1057ನೇ ವಿಧಿ ಇದನ್ನು ಖಡಾಖಂಡಿತವಾಗಿ ಹೇಳುತ್ತದೆ: ಮದುವೆಯನ್ನು ಉಂಟುಮಾಡುವುದು ಇಬ್ಬರ ಸಮ್ಮತಿ, ಆ ಸಮ್ಮತಿಯ ಕೊರತೆಯನ್ನು ಯಾವ ಮಾನವ ಅಧಿಕಾರವೂ ತುಂಬಿಕೊಡಲಾರದು. ಹುಡುಗಿಯ ಬದಲು ಅಪ್ಪ ಹೂಂ ಅನ್ನಲಾರ, ಬಿಷಪ್ಪರೂ ಅನ್ನಲಾರರು.

ಪ್ರೊಟೆಸ್ಟೆಂಟ್ ಸಭೆಗಳಲ್ಲಿ ಮದುವೆಯನ್ನು ಸಂಸ್ಕಾರ ಎನ್ನುವುದಿಲ್ಲವಾದರೂ ನಡೆಸುವ ಕ್ರಮದ ಬೆನ್ನೆಲುಬು ಇದೇ. ವರನನ್ನು ಬೇರೆ, ವಧುವನ್ನು ಬೇರೆ ಕೇಳಿ, ಇಬ್ಬರ ಬಾಯಿಂದಲೂ ಪ್ರತಿಜ್ಞೆ ಹೇಳಿಸುತ್ತಾರೆ. 1872ರ ಭಾರತೀಯ ಕ್ರೈಸ್ತ ವಿವಾಹ ಕಾಯ್ದೆಯ 60ನೇ ಕಲಮಿನಲ್ಲೂ, ಇಬ್ಬರು ಸಾಕ್ಷಿಗಳ ಮುಂದೆ ಪ್ರತಿಯೊಬ್ಬರೂ ತಾವೇ ಹೇಳಬೇಕಾದ ಒಪ್ಪಿಗೆಯ ವಾಕ್ಯವಿದೆ. ಗಂಡಿಗೆ 21, ಹೆಣ್ಣಿಗೆ 18 ತುಂಬಿರಬೇಕು. ಅದಕ್ಕಿಂತ ಚಿಕ್ಕವರ ‘ಒಪ್ಪಿಗೆ’ಗೆ ಕರ್ನಾಟಕದಲ್ಲಿ ಬೆಲೆಯೇ ಇಲ್ಲ: 2016ರ ರಾಜ್ಯ ತಿದ್ದುಪಡಿಯ ನಂತರ ಬಾಲ್ಯವಿವಾಹ ಮೊದಲಿನಿಂದಲೇ ಅಸಿಂಧು.

ಬೈಬಲಿನ ಆದಿಕಾಂಡದ 24ನೇ ಅಧ್ಯಾಯವನ್ನು ಮದುವೆಯ ಪ್ರಸಂಗಗಳಲ್ಲಿ ತಪ್ಪದೆ ಓದುತ್ತಾರೆ. ಅಬ್ರಹಾಮನ ಸೇವಕ ಯಜಮಾನನ ಮಗನಿಗೆ ಹೆಣ್ಣು ಕೇಳಲು ಬಂದಾಗ ರೆಬೆಕ್ಕಳ ಅಣ್ಣನೂ ತಂದೆಯೂ ರಾತ್ರಿಯೇ ಒಪ್ಪಿದರು. ಬೆಳ್ಳಿ ಬಂಗಾರದ ಒಡವೆ, ಬಟ್ಟೆ ಕೊಟ್ಟಾಯಿತು, ಊಟವೂ ಆಯಿತು. ಹುಡುಗಿಯನ್ನು ಕರೆದು ‘ಈ ಮನುಷ್ಯನ ಜೊತೆ ಹೋಗುತ್ತೀಯಾ’ ಎಂದು ಕೇಳಿದ್ದು ಮರುದಿನ ಬೆಳಿಗ್ಗೆ. ಅವಳು ‘ಹೋಗುತ್ತೇನೆ’ ಅಂದಳು. ಕೇಳಿದರಲ್ಲ ಎಂಬ ಸಮಾಧಾನ ಒಂದು ಕಡೆ. ಒಡವೆ ಕೈಗೆ ಬಂದಮೇಲೆ ಕೇಳಿದರಲ್ಲ ಎಂಬ ಸಂಕಟ ಇನ್ನೊಂದು ಕಡೆ. ನಮ್ಮ ಮನೆಗಳಲ್ಲಿ ಇವತ್ತಿಗೂ ಕ್ರಮ ಹಾಗೇ ಇದೆ.

ಹಾಗಾಗಿ ಯಾವಾಗ ಕೇಳಬೇಕು ಎಂಬುದೇ ದೊಡ್ಡದು. ನಿಶ್ಚಿತಾರ್ಥಕ್ಕೆ ಮೊದಲು, ಯಾರೂ ಒಂದು ರೂಪಾಯಿ ಅಡ್ವಾನ್ಸ್ ಕೊಡುವ ಮೊದಲು ಕೇಳಬೇಕು. ಉಡಿ ತುಂಬಿ, ಸೀರೆ ಉಡಿಸಿ, ಐವತ್ತು ಜನ ಉಂಡಮೇಲೆ ‘ಬೇಡ’ ಅನ್ನುವ ಹುಡುಗಿ ಮನೆಯ ಮಾನದ ಭಾರವನ್ನೆಲ್ಲ ಒಬ್ಬಳೇ ಹೊರಬೇಕಾಗುತ್ತದೆ. ಅಷ್ಟು ಭಾರದ ಕೆಳಗಿನಿಂದ ಬರುವ ಹೂಂಗೆ ಏನು ಅರ್ಥ? ಇಬ್ಬರನ್ನೂ ಬೇರೆಬೇರೆ ಕರೆದು, ಬಾಗಿಲ ಹೊರಗೆ ಅತ್ತೆ-ಚಿಕ್ಕಮ್ಮಂದಿರು ಕಿವಿಗೊಟ್ಟು ನಿಲ್ಲದ ಜಾಗದಲ್ಲಿ, ಕನಿಷ್ಠ ಅರ್ಧ ಗಂಟೆ ಮಾತಾಡಬೇಕು. ಹುಡುಗಿಯ ಜೊತೆ ಮಾತಾಡುವಾಗ ಕಾನ್ವೆಂಟಿನ ಸಿಸ್ಟರ್ ಒಬ್ಬರು ಅಥವಾ ಸಭೆಯ ಹಿರಿಯ ಹೆಣ್ಣುಮಗಳೊಬ್ಬಳು ಇರುವುದು ಒಳ್ಳೆಯದು.

‘ಇಷ್ಟ ಐತೇನವ್ವಾ?’ ಅಂದರೆ ‘ಅಪ್ಪ ಹೇಳಿದಂಗೆ’ ಎಂಬ ಉತ್ತರ ಬರುತ್ತದೆ. ಅದು ಅಪ್ಪನ ಬಗೆಗಿನ ಮಾತು, ಹುಡುಗನ ಬಗೆಗಿನದಲ್ಲ. ಅಲ್ಲಿಗೆ ಬಿಡಬಾರದು. ಹುಡುಗನ ಜೊತೆ ಎಷ್ಟು ಸಲ ಮಾತಾಡಿದ್ದೀ, ಏನು ಮಾತಾಡಿದಿರಿ? ಅಪ್ಪ ಇವತ್ತು ‘ನಿನ್ನಿಷ್ಟ’ ಅಂದುಬಿಟ್ಟರೆ ಏನು ಹೇಳುತ್ತೀ? ಈ ಲಗ್ನ ನಿಂತರೆ ನಾಳೆ ಮನೆಯಲ್ಲಿ ಏನಾಗುತ್ತದೆ? ಕೊನೆಯ ಪ್ರಶ್ನೆಗೆ ಹುಡುಗಿ ತಲೆ ತಗ್ಗಿಸಿ ಸೆರಗಿನ ಅಂಚು ಸುತ್ತುತ್ತಾ ಕೂತರೆ, ಬರೆಯುತ್ತಿರುವ ಪೆನ್ನು ಕೆಳಗಿಡಬೇಕು. ಹುಡುಗರನ್ನು ಕೇಳುವುದನ್ನು ಬಹಳ ಜನ ಬಿಟ್ಟೇಬಿಡುತ್ತಾರೆ. ಬೇರೆಯವಳಲ್ಲಿ ಮನಸ್ಸಿಟ್ಟುಕೊಂಡು, ತಾಯಿಯ ಕಣ್ಣೀರಿಗೆ ಸೋತು ಬಂದ ಹುಡುಗನ ಒಪ್ಪಿಗೆಯೂ ಅಷ್ಟೇ ಟೊಳ್ಳು.

ಬಳ್ಳಾರಿಯಲ್ಲಿ ಭಾಷೆಯದೊಂದು ತೊಡಕಿದೆ. ಆದೋನಿ, ಗುಂತಕಲ್ಲು ಕಡೆಯಿಂದ ತಂದ ಹುಡುಗಿಗೆ ತೆಲುಗು ಮಾತ್ರ ಬರುತ್ತದೆ, ಕೇಳುವವರಿಗೆ ಕನ್ನಡ. ದುಭಾಷಿಯ ಮೂಲಕ ಸಮ್ಮತಿ ಹೇಳಲು ಧರ್ಮಸಭಾ ಸಂಹಿತೆಯ 1106ನೇ ವಿಧಿಯಲ್ಲಿ ಅವಕಾಶವಿದೆ, ಆದರೆ ದುಭಾಷಿ ನಂಬಿಕಸ್ಥ ಎಂಬುದು ಗುರುಗಳಿಗೆ ಖಾತ್ರಿಯಾಗಿರಬೇಕು. ಸಂಬಂಧ ಕುದುರಿಸಿದ ಸೋದರತ್ತೆಯನ್ನೇ ದುಭಾಷಿ ಮಾಡಿದರೆ ಪ್ರಶ್ನೆ ಒಂದು, ಉತ್ತರ ಇನ್ನೊಂದು. ಎರಡೂ ಮನೆಗೆ ಸಂಬಂಧವಿಲ್ಲದವರನ್ನೇ ಕೂರಿಸಬೇಕು.

ಹೆದರಿಕೆಯ ವಿಷಯ 1103ನೇ ವಿಧಿಯದು. ಒತ್ತಾಯದಿಂದ, ಅಥವಾ ಹೊರಗಿನಿಂದ ಬಂದ ಗಂಭೀರ ಭಯದಿಂದ, ಮದುವೆಯ ಹೊರತು ಬೇರೆ ದಾರಿಯೇ ಇಲ್ಲದಂತಾಗಿ ಒಪ್ಪಿದ್ದರೆ ಆ ಮದುವೆ ಸಿಂಧುವಲ್ಲ. ಭಯ ಹುಟ್ಟಿಸಿದವರಿಗೆ ಆ ಉದ್ದೇಶ ಇರಬೇಕೆಂದೂ ಇಲ್ಲ. ತಂದೆತಾಯಿಯ ಮೇಲಿನ ಗೌರವದಿಂದ ಅವರ ಮಾತಿಗೆ ತಲೆಬಾಗಿದ್ದೊಂದೇ ಮದುವೆ ಅಸಿಂಧು ಅನ್ನಲು ಸಾಲದು. ಎಲ್ಲ ಮಕ್ಕಳಿಗೂ ಅಷ್ಟು ಅಳುಕು ಇದ್ದೇ ಇರುತ್ತದೆ. ಆದರೆ ಕಾಲೇಜು ಬಿಡಿಸಿ ಫೋನ್ ಕಸಿದುಕೊಂಡರೆ, ಹೊಡೆದರೆ, ‘ನೀ ಒಲ್ಲೆ ಅಂದ್ರ ಎಣ್ಣಿ ಕುಡಿದು ಸಾಯ್ತೀನಿ’ ಎಂದು ತಾಯಿ ಹತ್ತಿಗೆ ಹೊಡೆಯುವ ಔಷಧದ ಡಬ್ಬಿ ಹಿಡಿದು ನಿಂತರೆ, ಅದು ಅಳುಕಿನ ಗಡಿ ದಾಟಿತು.

ಸೋದರಮಾವನಿಗೆ ಅಕ್ಕನ ಮಗಳನ್ನು ಕೊಡುವ ವಾಡಿಕೆ ನಮ್ಮ ಕ್ರೈಸ್ತರಲ್ಲೂ ಹೋಗಿಲ್ಲ. ಕಥೋಲಿಕ ಲೆಕ್ಕದಲ್ಲಿ ಅದು ಮೂರನೇ ಹಂತದ ರಕ್ತಸಂಬಂಧ, ಅತ್ತೆಯ ಮಗ-ಮಾವನ ಮಗಳದು ನಾಲ್ಕನೇ ಹಂತ. ಎರಡೂ 1091ನೇ ವಿಧಿಯಂತೆ ಅಡ್ಡಿಯೇ. ಬಿಷಪ್ಪರ ವಿನಾಯಿತಿ ಪತ್ರ ಬರುವವರೆಗೆ ಮದುವೆ ಮಾಡುವಂತಿಲ್ಲ. ರಕ್ತದ ಹಂತವನ್ನು ಎಲ್ಲರೂ ಎಣಿಸುತ್ತಾರೆ, ಮನಸ್ಸನ್ನು ಎಣಿಸುವವರು ಕಡಿಮೆ. ತೊಟ್ಟಿಲಲ್ಲಿದ್ದಾಗಲೇ ‘ಇವಳು ನಿನ್ನ ಹೆಂಡತಿ’ ಅನ್ನಿಸಿಕೊಂಡು ಬೆಳೆದವಳಿಗೆ ಬೇಡ ಅನ್ನುವ ದಾರಿ ಇದೆ ಎಂಬುದೇ ಗೊತ್ತಿರುವುದಿಲ್ಲ. ಮನೆಯಲ್ಲಿ ಅಜ್ಜಿಯಿಂದ ಹಿಡಿದು ಎಲ್ಲರೂ ಒಂದೇ ಪಕ್ಷ. ವಿನಾಯಿತಿಯ ಅರ್ಜಿಗೆ ಸಹಿ ಮಾಡುವ ಮುಂಚೆ ಅವಳೊಬ್ಬಳನ್ನೇ ಎರಡು ಸಲ ಕೇಳಿದರೂ ಹೆಚ್ಚಲ್ಲ.

ಮೋಸದಿಂದ ಪಡೆದ ಒಪ್ಪಿಗೆಯೂ ನಿಲ್ಲುವುದಿಲ್ಲ, ಆದರೆ ಎಲ್ಲ ಸುಳ್ಳಿಗೂ ಈ ಮಾತು ಹೊಂದುವುದಿಲ್ಲ. ಸಂಬಳ ಐದು ಸಾವಿರ ಹೆಚ್ಚಿಗೆ ಹೇಳಿದ್ದು ತಪ್ಪೇ, ಅಷ್ಟಕ್ಕೇ ಮದುವೆ ಅಸಿಂಧುವಾಗದು. ಮಕ್ಕಳಾಗುವುದಿಲ್ಲ ಎಂದು ಡಾಕ್ಟರು ಹೇಳಿದ್ದನ್ನು ಬಚ್ಚಿಟ್ಟು, ಒಪ್ಪಿಗೆ ಗಿಟ್ಟಿಸುವುದಕ್ಕೆಂದೇ ಮುಚ್ಚಿದ್ದರೆ 1098ನೇ ವಿಧಿ ಬರುತ್ತದೆ. ‘ಮುಂದಿನ ವರ್ಷದೊಳಗೆ ಐದು ತೊಲ ಬಂಗಾರ ಕೊಟ್ಟರೆ ಮಾತ್ರ ಇವಳು ನನ್ನ ಹೆಂಡತಿ’ ಎಂದು ಮನಸ್ಸಿನಲ್ಲಿ ಮುಂದಿನ ಷರತ್ತು ಕಟ್ಟಿಕೊಂಡು ನಿಂತವನ ಸಮ್ಮತಿ 1102ರಂತೆ ಸಮ್ಮತಿಯೇ ಅಲ್ಲ. ವರದಕ್ಷಿಣೆ 1961ರ ಕಾಯ್ದೆಯ ಪ್ರಕಾರ ಅಪರಾಧವೂ ಹೌದು.

ಹಿರಿಯರು ‘ನಮ್ಮ ಒಪ್ಪಿಗೆ ಇಲ್ಲದ ಮದುವೆ ಮದುವೆಯೇ ಅಲ್ಲ’ ಅಂದಾಗ ಕಥೋಲಿಕ ಬಿಷಪ್ಪರ ಟ್ರೆಂಟ್ ಮಹಾಸಭೆಯನ್ನು ನೆನಪಿಸಬೇಕು. ಗುಟ್ಟಿನ ಮದುವೆಗಳನ್ನು ತಡೆಯಲು ಗುರು ಮತ್ತು ಸಾಕ್ಷಿಗಳ ಮುಂದೆಯೇ ಆಗಬೇಕೆಂದು 1563ರಲ್ಲಿ ನಿಯಮ ಮಾಡಿದ ಅದೇ ಸಭೆ, ತಂದೆತಾಯಿ ಒಪ್ಪಲಿಲ್ಲವೆಂಬ ಕಾರಣಕ್ಕೆ ಮಕ್ಕಳ ಮದುವೆ ಅಸಿಂಧು ಅನ್ನುವವರನ್ನು ಖಂಡಿಸಿತು. ಪ್ರೊಟೆಸ್ಟೆಂಟ್ ಪಂಥಕ್ಕೆ ನಾಂದಿ ಹಾಡಿದ ಲೂಥರ್ ಮಾತ್ರ ಹೆತ್ತವರ ಒಪ್ಪಿಗೆ ಬೇಕೆಂದೇ ಹಿಡಿದ. ಆದರೂ 1524ರಲ್ಲಿ ಅವನು ಬರೆದದ್ದರಲ್ಲಿ ಹೆತ್ತವರು ಮಕ್ಕಳನ್ನು ಮದುವೆಗೆ ಬಲವಂತ ಮಾಡಬಾರದು, ಅಡ್ಡ ಬರಲೂಬಾರದು ಎಂಬ ಮಾತಿದೆ.

ಈಗಾಗಲೇ ಕೆಟ್ಟುಹೋದ ಮದುವೆಗಳಲ್ಲಿ ಆಗುವ ಒಂದು ಅನಾಹುತ: ಧರ್ಮಸಭೆಯ ನ್ಯಾಯಮಂಡಳಿ ‘ಸಮ್ಮತಿ ಇರಲಿಲ್ಲ, ಮದುವೆ ಅಸಿಂಧು’ ಅಂದ ಕೂಡಲೇ ಇನ್ನೊಂದು ಮದುವೆಗೆ ಹೊರಡುತ್ತಾರೆ. ಆ ತೀರ್ಪು ಸರಕಾರಿ ಕೋರ್ಟಿನಲ್ಲಿ ನಡೆಯುವುದಿಲ್ಲ. ಕ್ಲಾರೆನ್ಸ್ ಪಾಯ್ಸ್ ಪ್ರಕರಣದಲ್ಲಿ 2017ರಲ್ಲಿ ಸುಪ್ರೀಂ ಕೋರ್ಟ್ ಇದನ್ನು ಸ್ಪಷ್ಟ ಮಾಡಿತು. ಬಲವಂತ, ಮೋಸದ ಆಧಾರದಲ್ಲಿ ಮದುವೆ ರದ್ದು ಕೇಳಲು 1869ರ ವಿಚ್ಛೇದನ ಕಾಯ್ದೆಯ 19ನೇ ಕಲಮಿನಲ್ಲಿ ಜಾಗವಿದೆ. ಅಲ್ಲಿಂದ ಡಿಕ್ರಿ ಸಿಗುವವರೆಗೆ ಕಾನೂನಿನ ಕಣ್ಣಿನಲ್ಲಿ ಅವರು ಗಂಡ-ಹೆಂಡತಿಯೇ.

ಮದುವೆಯ ದಿನದ ಹೂಂ ಅಲ್ಲಿಗೇ ಮುಗಿಯುವುದಿಲ್ಲ. ಬೈಬಲಿನಲ್ಲಿ ಕೊರಿಂಥದವರಿಗೆ ಬರೆದ ಮೊದಲ ಪತ್ರದ 7ನೇ ಅಧ್ಯಾಯದಲ್ಲಿ ಪೌಲ ಹೆಂಡತಿಯ ದೇಹದ ಮೇಲೆ ಗಂಡನಿಗೆ ಅಧಿಕಾರ ಅನ್ನುತ್ತಾನೆ. ಅದೇ ಉಸಿರಿನಲ್ಲಿ ಗಂಡನ ದೇಹದ ಮೇಲೆ ಹೆಂಡತಿಗೆ ಅಧಿಕಾರ ಅನ್ನುತ್ತಾನೆ. ಮೊದಲರ್ಧವನ್ನಷ್ಟೇ ಓದಿ ಹೆಂಡತಿಯ ಮೇಲೆ ದರ್ಪ ಮಾಡುವವನು ವಾಕ್ಯವನ್ನು ಕತ್ತರಿಸಿ ಓದುತ್ತಿದ್ದಾನೆ. ಐದನೇ ವಚನದಲ್ಲಿ, ಅಗಲಿ ಇರುವುದಕ್ಕೂ ಇಬ್ಬರ ಸಮ್ಮತಿ ಬೇಕು, ಅದು ಸ್ವಲ್ಪ ಕಾಲಕ್ಕೆ, ಪ್ರಾರ್ಥನೆಗಾಗಿ, ಆಮೇಲೆ ಮತ್ತೆ ಕೂಡಬೇಕು ಎಂದಿದೆ. ತಪಸ್ಸುಕಾಲದ ವ್ರತವನ್ನು ಒಬ್ಬರೇ ನಿರ್ಧರಿಸಿ ಇನ್ನೊಬ್ಬರ ಮೇಲೆ ಹೇರುವಂತಿಲ್ಲ.

ರಾಯಚೂರು, ಕೊಪ್ಪಳದ ಕಡೆ ಅಗಲಿಕೆ ಎಂದರೆ ಗುಳೆ. ಪ್ರಾರ್ಥನೆಗೆ ಅಗಲುವಾಗಲೇ ಇಬ್ಬರೂ ಒಪ್ಪಬೇಕು ಎಂದರೆ, ಗಂಡ ಬೆಂಗಳೂರಿಗೆ ಕಟ್ಟಡದ ಕೆಲಸಕ್ಕೆ ಹೊರಡುವಾಗ ಮೇಸ್ತ್ರಿಯ ಅಡ್ವಾನ್ಸ್ ತೆಗೆದುಕೊಂಡು ಬಂದು ‘ನಾಳೆ ಬಸ್ಸು’ ಅಂದರೆ ಆಗುತ್ತದೆಯೇ? ಅಡ್ವಾನ್ಸ್ ಮುಟ್ಟುವ ಮೊದಲು ಎಷ್ಟು ತಿಂಗಳು, ತಿಂಗಳಿಗೆ ಎಷ್ಟು ಕಳಿಸುವುದು, ಹೆಂಡತಿ ಜೊತೆಗೆ ಬರುತ್ತಾಳೋ ಅತ್ತೆಮನೆಯಲ್ಲಿ ಇರುತ್ತಾಳೋ, ಕ್ರಿಸ್‌ಮಸ್ಸಿಗೆ ಬರುವುದೋ ಈಸ್ಟರಿಗೋ, ಇಬ್ಬರೂ ಕೂತು ಮಾತಾಡಿ ಗೋಡೆಯ ಕ್ಯಾಲೆಂಡರಿನಲ್ಲಿ ಆ ತಾರೀಖಿಗೆ ಸುತ್ತು ಹಾಕಿಕೊಳ್ಳಬೇಕು.